ಮೂಳೆ ಸವೆಸುವ ಪ್ರೋಟೀನ್ ಮತ್ತು ಅದನ್ನು ಹಿಡಿದ ಪ್ರತಿಕಾಯಗಳು: ರ‍್ಯಾಂಕ್‌ಎಲ್ ಸಂಶೋಧನೆಯ ಚರಿತ್ರೆ

ರ‍್ಯಾಂಕ್‌ಎಲ್ ಮೂಳೆಯ ಸವೆತವನ್ನು ನಿಯಂತ್ರಿಸುವ ಪ್ರೋಟೀನ್. ಮೂಳೆಯನ್ನು ಕರಗಿಸುವ ಆಸ್ಟಿಯೋಕ್ಲಾಸ್ಟ್ ಕೋಶಗಳು ಹುಟ್ಟುವುದು, ಕೆಲಸಕ್ಕೆ ತೊಡಗುವುದು, ಬದುಕಿ ಉಳಿಯುವುದು ಮೂರೂ ಇದರ ಸಂಕೇತವನ್ನೇ ಅವಲಂಬಿಸಿವೆ. ಮನುಷ್ಯರಲ್ಲಿ ಇದು 317 ಅಮೈನೋ ಆಮ್ಲಗಳ ಸರಪಳಿ. ಇದರ ಜೀನ್ ಇರುವುದು 13ನೇ ವರ್ಣತಂತುವಿನಲ್ಲಿ. ಇಂತಹ ಮೂರು ಸರಪಳಿಗಳು ಒಟ್ಟುಗೂಡಿದಾಗ ಮಾತ್ರ ಸಂಕೇತ ಹುಟ್ಟುತ್ತದೆ. ಇಂಥದೊಂದು ಪದಾರ್ಥ ಇರಲೇಬೇಕೆಂಬ ಊಹೆ 1981ರಲ್ಲಿ ಮೂಡಿತು. ಪದಾರ್ಥ ಕೈಗೆ ಸಿಕ್ಕಿದ್ದು 1997–98ರಲ್ಲಿ. ಅದರ ಬೆನ್ನಿಗೇ ಅದನ್ನು ಗುರುತಿಸುವ, ಅಳೆಯುವ, ತಡೆಯುವ ಪ್ರತಿಕಾಯಗಳು ಬಂದವು. ಅವುಗಳಲ್ಲೊಂದು 2010ರಲ್ಲಿ ಔಷಧವಾಯಿತು. ಉಳಿದವು ಪ್ರಯೋಗಶಾಲೆಯ ಸಾಧನಗಳಾಗಿ ಉಳಿದು, ಮೂಳೆಯ ಬಗೆಗಿನ ಹಲವು ಪ್ರಶ್ನೆಗಳಿಗೆ ಉತ್ತರ ಒದಗಿಸಿದವು.

ಕರಗಿಸುವ ಕೋಶದ ಮೂಲ

ಮೂಳೆ ಒಮ್ಮೆ ಬೆಳೆದು ಹಾಗೆಯೇ ನಿಲ್ಲುವ ವಸ್ತುವಲ್ಲ. ವಯಸ್ಕರ ಅಸ್ಥಿಪಂಜರದ ಸುಮಾರು ಶೇ. 10 ಭಾಗ ಪ್ರತಿವರ್ಷ ಕರಗಿ ಹೊಸದಾಗಿ ಕಟ್ಟಲ್ಪಡುತ್ತದೆ. ಕರಗಿಸುವ ಕೋಶವನ್ನು 1873ರಲ್ಲಿ ವಿವರವಾಗಿ ವರ್ಣಿಸಿ ಹೆಸರಿಟ್ಟವರು ಜರ್ಮನಿಯ ವುರ್ಟ್ಸ್‌ಬುರ್ಗ್‌ನಲ್ಲಿದ್ದ ಅಂಗರಚನಾ ವಿಜ್ಞಾನಿ ಆಲ್ಬರ್ಟ್ ಫಾನ್ ಕೋಲಿಕರ್. ಒಂದೇ ಕೋಶದೊಳಗೆ ಹಲವು ಕೇಂದ್ರಕಗಳಿರುವ ಈ ದೈತ್ಯ ಕೋಶ ಮೂಳೆಯ ಮೇಲ್ಮೈಗೆ ಅಂಟಿಕೊಂಡು ಆಮ್ಲವನ್ನೂ ಕಿಣ್ವಗಳನ್ನೂ ಸುರಿಸುತ್ತದೆ. ಆಮ್ಲ ಖನಿಜವನ್ನು ಕರಗಿಸಿದರೆ ಕಿಣ್ವಗಳು ಅದರಡಿಯ ಕೊಲಾಜನ್ ನಾರನ್ನು ಕತ್ತರಿಸುತ್ತವೆ.

ಈ ಕೋಶ ಎಲ್ಲಿಂದ ಬರುತ್ತದೆ ಎಂಬುದು ಸುಮಾರು ನೂರು ವರ್ಷ ಇತ್ಯರ್ಥವಾಗಲಿಲ್ಲ. ಮೂಳೆಯನ್ನು ಕಟ್ಟುವ ಆಸ್ಟಿಯೋಬ್ಲಾಸ್ಟ್‌ಗಳೇ ಕೂಡಿಕೊಂಡು ಕರಗಿಸುವ ಕೋಶಗಳಾಗುತ್ತವೆ ಎಂದು ನಂಬಿದವರು ಬಹಳ ಮಂದಿ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಡೊನಾಲ್ಡ್ ವಾಕರ್ 1970ರ ದಶಕದಲ್ಲಿ ಈ ನಂಬಿಕೆಯನ್ನು ಮುರಿದರು. ಆಸ್ಟಿಯೊಪೆಟ್ರೋಸಿಸ್ ಎಂಬ ಹುಟ್ಟುಕಾಯಿಲೆಯ ಇಲಿಗಳಲ್ಲಿ ಕರಗುವ ಕೆಲಸ ನಡೆಯದೆ ಮೂಳೆ ಗಟ್ಟಿಕಟ್ಟಿಕೊಳ್ಳುತ್ತದೆ, ಮಜ್ಜೆಗೆ ಜಾಗವೇ ಇಲ್ಲದಂತಾಗುತ್ತದೆ. ವಾಕರ್ ಮೊದಲು ಇಂತಹ ಇಲಿಯ ರಕ್ತಪರಿಚಲನೆಯನ್ನು ಆರೋಗ್ಯವಂತ ಇಲಿಯದರೊಂದಿಗೆ ಜೋಡಿಸಿದರು. ಆಮೇಲೆ ಆರೋಗ್ಯವಂತ ಇಲಿಯ ಮಜ್ಜೆ ಮತ್ತು ಗುಲ್ಮದ ಕೋಶಗಳನ್ನು ರೋಗಗ್ರಸ್ತ ಇಲಿಗೆ ಸೇರಿಸಿದರು. ಎರಡೂ ಬಾರಿ ಕಾಯಿಲೆ ವಾಸಿಯಾಯಿತು. ಅಂದರೆ ಆಸ್ಟಿಯೋಕ್ಲಾಸ್ಟ್‌ನ ಪೂರ್ವಜರು ರಕ್ತದಲ್ಲಿ ಹರಿದು ಬರುವ ಕೋಶಗಳು. ಅವು ಬಿಳಿ ರಕ್ತಕಣಗಳ ವಂಶಕ್ಕೆ ಸೇರಿದವು. 1980ರಲ್ಲಿ ಅಮೆರಿಕದ ಮಿನೆಸೋಟದ ವೈದ್ಯರು ಇದೇ ತತ್ತ್ವದ ಮೇಲೆ ಆಸ್ಟಿಯೊಪೆಟ್ರೋಸಿಸ್ ಇದ್ದ ಶಿಶುವೊಂದಕ್ಕೆ ಮಜ್ಜೆ ಕಸಿ ಮಾಡಿದ ವರದಿ ಪ್ರಕಟಿಸಿದರು.

1981ರ ಊಹೆ

ಮೂಲ ತಿಳಿದ ಮೇಲೂ ಒಂದು ಒಗಟು ಉಳಿಯಿತು. ಪ್ಯಾರಾಥೈರಾಯ್ಡ್ ಹಾರ್ಮೋನು ಮೂಳೆಯ ಕರಗುವಿಕೆಯನ್ನು ಹೆಚ್ಚಿಸುತ್ತದೆ ಎಂಬುದು ಹಳೆಯ ಸಂಗತಿ. ಆದರೆ ಆ ಹಾರ್ಮೋನನ್ನು ಬರಮಾಡಿಕೊಳ್ಳುವ ಗ್ರಾಹಕಗಳು ಪತ್ತೆಯಾದದ್ದು ಮೂಳೆ ಕಟ್ಟುವ ಆಸ್ಟಿಯೋಬ್ಲಾಸ್ಟ್‌ಗಳ ಮೇಲೆ. ಕರಗಿಸುವ ಕೋಶಗಳ ಮೇಲೆ ಅವು ಕಾಣಲಿಲ್ಲ. ಅಪ್ಪಣೆ ತಲುಪುವುದು ಒಬ್ಬರಿಗೆ, ಕೆಲಸ ನಡೆಸುವುದು ಮತ್ತೊಬ್ಬರು.

ಅಮೆರಿಕದಲ್ಲಿದ್ದ ಗಿಡಿಯೊನ್ ರೋಡಾನ್ ಮತ್ತು ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಟಿ. ಜಾನ್ ಮಾರ್ಟಿನ್ 1981ರಲ್ಲಿ ಇದಕ್ಕೊಂದು ವಿವರಣೆ ಮುಂದಿಟ್ಟರು. ಹಾರ್ಮೋನು ಆಸ್ಟಿಯೋಬ್ಲಾಸ್ಟ್‌ಗೆ ತಾಗುತ್ತದೆ. ಆಸ್ಟಿಯೋಬ್ಲಾಸ್ಟ್ ತನ್ನದೇ ಒಂದು ಸಂದೇಶದ ಮೂಲಕ ಆಸ್ಟಿಯೋಕ್ಲಾಸ್ಟ್‌ನ್ನು ನಡೆಸುತ್ತದೆ. ಅಂದರೆ ಕಟ್ಟುವ ಕೋಶವೇ ಕರಗಿಸುವ ಕೋಶದ ಮೇಲ್ವಿಚಾರಕ. ಪ್ರಕಟವಾದಾಗ ಇದು ಬರಿಯ ಊಹೆ. ಸ್ವಲ್ಪ ವರ್ಷಗಳಲ್ಲಿ ಲಂಡನ್ನಿನ ತಿಮೋತಿ ಚೇಂಬರ್ಸ್ ಮತ್ತು ಸಂಗಡಿಗರು ಇದಕ್ಕೆ ಬಲ ಕೊಟ್ಟರು. ಬೇರ್ಪಡಿಸಿದ ಆಸ್ಟಿಯೋಕ್ಲಾಸ್ಟ್‌ಗಳು ಒಂಟಿಯಾಗಿದ್ದಾಗ ಪ್ಯಾರಾಥೈರಾಯ್ಡ್ ಹಾರ್ಮೋನಿಗೆ ಪ್ರತಿಕ್ರಿಯಿಸಲಿಲ್ಲ. ಆಸ್ಟಿಯೋಬ್ಲಾಸ್ಟ್‌ಗಳನ್ನು ಜೊತೆಗಿಟ್ಟಾಗ ಪ್ರತಿಕ್ರಿಯಿಸಿದವು.

ಟೋಕಿಯೋದ ತಟ್ಟೆಗಳು

ಊಹೆಯನ್ನು ಪ್ರಯೋಗವಾಗಿಸಿದ್ದು ಟೋಕಿಯೋದ ಶೋವಾ ವಿಶ್ವವಿದ್ಯಾಲಯ. ಅಲ್ಲಿ ತತ್ಸುವೊ ಸುದಾ ಅವರ ತಂಡ, ಅದರಲ್ಲೂ ನಾವೊಯುಕಿ ತಕಹಾಶಿ ಮತ್ತು ನೊಬುಯುಕಿ ಉದಗಾವ, ಇಲಿಯ ಗುಲ್ಮದ ಕೋಶಗಳನ್ನೂ ತಲೆಬುರುಡೆಯಿಂದ ತೆಗೆದ ಆಸ್ಟಿಯೋಬ್ಲಾಸ್ಟ್‌ಗಳನ್ನೂ ಒಂದೇ ತಟ್ಟೆಯಲ್ಲಿ ಬೆಳೆಸಿತು. ಸಕ್ರಿಯ ರೂಪದ ವಿಟಮಿನ್ ಡಿ ಸೇರಿಸಿದಾಗ ಹಲವು ಕೇಂದ್ರಕಗಳ ಕೋಶಗಳು ಮೂಡಿದವು. ದಂತದ ತೆಳು ಬಿಲ್ಲೆಯ ಮೇಲಿಟ್ಟರೆ ಅವು ಗುಳಿ ಕೊರೆದವು. ಆಸ್ಟಿಯೋಕ್ಲಾಸ್ಟ್‌ನ್ನು ಗುರುತಿಸಲು ಇದಕ್ಕಿಂತ ನೇರವಾದ ಪರೀಕ್ಷೆ ಇಲ್ಲ.

1988ರಲ್ಲಿ ಪ್ರಕಟವಾದ ಈ ಪ್ರಯೋಗದ ಮುಖ್ಯ ಅಂಶ ಅದರ ಒಂದು ಸಣ್ಣ ಬದಲಾವಣೆಯಲ್ಲಿತ್ತು. ಎರಡು ಬಗೆಯ ಕೋಶಗಳ ನಡುವೆ ಪೊರೆಯ ಸೋಸುಹಾಳೆ ಇಟ್ಟರೆ, ದ್ರವ ಅತ್ತಿತ್ತ ಹರಿದರೂ ಆಸ್ಟಿಯೋಕ್ಲಾಸ್ಟ್‌ಗಳು ಹುಟ್ಟಲಿಲ್ಲ. ಹಾಗಾದರೆ ಸಂದೇಶ ದ್ರವದಲ್ಲಿ ತೇಲಿಬರುವಂಥದಲ್ಲ, ಆಸ್ಟಿಯೋಬ್ಲಾಸ್ಟ್‌ನ ಹೊರಮೈಗೆ ಅಂಟಿಕೊಂಡಿರುವಂಥದು. ಕೋಶ ಕೋಶಕ್ಕೆ ತಾಗಿದರಷ್ಟೇ ಅದು ದಾಟುತ್ತದೆ. 1992ರಲ್ಲಿ ಸುದಾ ಅವರ ತಂಡ ಈ ಅಜ್ಞಾತ ಪದಾರ್ಥಕ್ಕೆ ಆಸ್ಟಿಯೋಕ್ಲಾಸ್ಟ್ ವಿಭೇದನ ಅಂಶ, ಸಂಕ್ಷೇಪದಲ್ಲಿ ಓಡಿಎಫ್, ಎಂದು ಹೆಸರಿಟ್ಟಿತು. ಈ ನಡುವೆ, 1990ರಲ್ಲಿ, ಇನ್ನೊಂದು ತುಣುಕೂ ಸಿಕ್ಕಿತ್ತು. ಆಸ್ಟಿಯೋಕ್ಲಾಸ್ಟ್‌ಗಳೇ ಇಲ್ಲದ ಒಂದು ತಳಿಯ ಇಲಿಗಳಲ್ಲಿ ಎಂ-ಸಿಎಸ್‌ಎಫ್ ಎಂಬ ಬೆಳವಣಿಗೆ ಅಂಶದ ಜೀನ್ ಕೆಟ್ಟಿರುವುದು ಪತ್ತೆಯಾಯಿತು. ಆದರೆ ಎಂ-ಸಿಎಸ್‌ಎಫ್ ಒಂದನ್ನೇ ಕೊಟ್ಟರೆ ಗುಲ್ಮದ ಕೋಶಗಳು ಆಸ್ಟಿಯೋಕ್ಲಾಸ್ಟ್‌ಗಳಾಗಲಿಲ್ಲ. ಜೊತೆಗೆ ಬೇಕಾಗಿದ್ದದ್ದು ಆ ಓಡಿಎಫ್. ಕೋಶದ ಹೊರಮೈಗೆ ಅಂಟಿಕೊಂಡು ಅತ್ಯಲ್ಪ ಪ್ರಮಾಣದಲ್ಲಿರುವ ಪ್ರೋಟೀನನ್ನು ಬೇರ್ಪಡಿಸುವುದು ಅಂದಿನ ವಿಧಾನಗಳಿಗೆ ಕಠಿಣವಾಗಿತ್ತು.

ಮೊದಲು ಸಿಕ್ಕಿದ್ದು ತಡೆಯುವ ಪ್ರೋಟೀನ್

ಅಂತಿಮವಾಗಿ ದಾರಿ ತೆರೆದದ್ದು ಎದುರು ದಿಕ್ಕಿನಿಂದ. ಕ್ಯಾಲಿಫೋರ್ನಿಯಾದ ಥೌಸಂಡ್ ಓಕ್ಸ್‌ನಲ್ಲಿರುವ ಆಮ್‌ಜೆನ್ ಕಂಪನಿಯಲ್ಲಿ 1990ರ ದಶಕದ ನಡುವೆ ಜೀನ್‌ಗಳ ಸಾಮೂಹಿಕ ಓದು ನಡೆಯುತ್ತಿತ್ತು. ಮೂಳೆಯ ಸಂಶೋಧನೆ ಅದರ ಗುರಿಯಾಗಿರಲಿಲ್ಲ. ರ‍್ಯಾಟ್ ಭ್ರೂಣದ ಕರುಳಿನಿಂದ ಬಂದ ಒಂದು ಜೀನ್ ತುಣುಕು ಟಿಎನ್‌ಎಫ್ ಎಂಬ ಸಂಕೇತ ಪ್ರೋಟೀನಿನ ಗ್ರಾಹಕಗಳ ಕುಟುಂಬವನ್ನು ಹೋಲುತ್ತಿತ್ತು. ಆದರೆ ಅದರ ಪ್ರೋಟೀನಿಗೆ ಕೋಶದ ಪೊರೆಯಲ್ಲಿ ನೆಲೆನಿಲ್ಲುವ ಭಾಗವಿರಲಿಲ್ಲ. ಅದು ಹೊರಕ್ಕೆ ಸ್ರವಿಸಲ್ಪಡುವ ಗ್ರಾಹಕ. ಅದರ ಕೆಲಸವೇನೆಂದು ತಿಳಿಯಲು ಡಬ್ಲ್ಯು. ಸ್ಕಾಟ್ ಸಿಮೊನೆಟ್ ಮತ್ತು ಸಂಗಡಿಗರು ಯಕೃತ್ತಿನಲ್ಲಿ ಆ ಜೀನ್ ಅತಿಯಾಗಿ ಕೆಲಸ ಮಾಡುವಂತೆ ಇಲಿಗಳನ್ನು ರೂಪಿಸಿದರು. ಎಕ್ಸ್-ರೇ ತೆಗೆದಾಗ ಆ ಇಲಿಗಳ ಮೂಳೆಗಳು ಅಸಾಮಾನ್ಯ ದಟ್ಟವಾಗಿದ್ದವು, ಆಸ್ಟಿಯೋಕ್ಲಾಸ್ಟ್‌ಗಳು ತೀರಾ ಕಡಿಮೆಯಿದ್ದವು. 1997ರ ಏಪ್ರಿಲ್‌ನಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಈ ಪ್ರೋಟೀನನ್ನು ಆಸ್ಟಿಯೊಪ್ರೊಟೆಜೆರಿನ್, ಅಂದರೆ ಓಪಿಜಿ, ಎಂಬ ಹೆಸರಿನಲ್ಲಿ ಪ್ರಕಟಿಸಲಾಯಿತು.

ಅದೇ ವರ್ಷ ಜಪಾನಿನಲ್ಲೂ ಇದೇ ಪದಾರ್ಥ ಪತ್ತೆಯಾಯಿತು, ಅದೂ ಹಾಲಿನ ಉತ್ಪನ್ನಗಳ ಕಂಪನಿಯೊಂದರಲ್ಲಿ. ಸ್ನೋ ಬ್ರ್ಯಾಂಡ್ ಕಂಪನಿಯ ತೊಚಿಗಿಯಲ್ಲಿದ್ದ ಸಂಶೋಧನಾಲಯದ ವಿಜ್ಞಾನಿಗಳು, ಮಾನವ ಭ್ರೂಣದ ಶ್ವಾಸಕೋಶದ ಕೋಶಗಳನ್ನು ಬೆಳೆಸಿದ ದ್ರವ ಆಸ್ಟಿಯೋಕ್ಲಾಸ್ಟ್‌ಗಳ ಹುಟ್ಟನ್ನು ತಡೆಯುವುದನ್ನು ಗಮನಿಸಿದ್ದರು. ಆ ದ್ರವದಿಂದ ತಡೆಯುವ ಪ್ರೋಟೀನನ್ನು ಶುದ್ಧೀಕರಿಸಿ ಓಸಿಐಎಫ್ ಎಂದು ಕರೆದರು. ಅಮೆರಿಕದ ತಂಡ ಜೀನ್‌ನಿಂದ ಹೊರಟು ಮೂಳೆಗೆ ಬಂದಿತ್ತು. ಜಪಾನಿನ ತಂಡ ಮೂಳೆಯ ಪ್ರಯೋಗದಿಂದ ಹೊರಟು ಜೀನ್‌ಗೆ ತಲುಪಿತ್ತು. ಹೋಲಿಸಿ ನೋಡಿದಾಗ ಓಪಿಜಿ ಮತ್ತು ಓಸಿಐಎಫ್ ಎರಡೂ ಒಂದೇ ಪ್ರೋಟೀನ್ ಎಂದು ಖಚಿತವಾಯಿತು.

ನಾಲ್ಕು ಹೆಸರಿನ ಪ್ರೋಟೀನ್

ತಡೆಯುವ ಪ್ರೋಟೀನ್ ಒಂದು ಗ್ರಾಹಕವಾಗಿದ್ದರೆ, ಅದು ಹಿಡಿದುಕೊಳ್ಳುವ ಪದಾರ್ಥವೇ ಬಹುಕಾಲ ಹುಡುಕುತ್ತಿದ್ದ ಓಡಿಎಫ್ ಆಗಿರಬೇಕು. ಎರಡೂ ಕಂಪನಿಗಳು ಓಪಿಜಿಯನ್ನೇ ಗಾಳವಾಗಿಸಿ ಹುಡುಕಾಟ ಆರಂಭಿಸಿದವು. ಹಿಸತಾಕಾ ಯಾಸುದಾ ನೇತೃತ್ವದ ಸ್ನೋ ಬ್ರ್ಯಾಂಡ್ ತಂಡ ಇಲಿಯ ಮಜ್ಜೆಯ ಎಸ್‌ಟಿ2 ಎಂಬ ಆಧಾರಕೋಶಗಳ ಜೀನ್ ಭಂಡಾರವನ್ನು ಶೋಧಿಸಿತು. ಡೇವಿಡ್ ಲೇಸಿ ಮತ್ತು ವಿಲಿಯಂ ಬಾಯ್ಲ್ ಅವರಿದ್ದ ಆಮ್‌ಜೆನ್ ತಂಡ ಇಲಿಯದೇ ರಕ್ತಕೋಶ ವಂಶವೊಂದನ್ನು ಬಳಸಿತು. 1998ರ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ, ಕೆಲವೇ ವಾರಗಳ ಅಂತರದಲ್ಲಿ, ಎರಡೂ ತಂಡಗಳ ವರದಿ ಹೊರಬಂದವು. ಈ ಪ್ರೋಟೀನಿನ ಕರಗುವ ರೂಪವನ್ನು ಎಂ-ಸಿಎಸ್‌ಎಫ್ ಜೊತೆಗೆ ಹಾಕಿದರೆ ಸಾಕು, ಆಸ್ಟಿಯೋಬ್ಲಾಸ್ಟ್‌ಗಳ ಹಂಗಿಲ್ಲದೆ ಗುಲ್ಮದ ಕೋಶಗಳು ಆಸ್ಟಿಯೋಕ್ಲಾಸ್ಟ್‌ಗಳಾದವು. ರೋಡಾನ್ ಮತ್ತು ಮಾರ್ಟಿನ್ ಊಹೆಗೆ 17 ವರ್ಷಗಳ ನಂತರ ರಾಸಾಯನಿಕ ಸಾಕ್ಷಿ ಸಿಕ್ಕಿತು.

ಜೀನ್‌ನ ಅನುಕ್ರಮವನ್ನು ದತ್ತಾಂಶಗಳೊಂದಿಗೆ ಹೋಲಿಸಿದಾಗ ಅದು ಅದಾಗಲೇ ಬೇರೆ ಎರಡು ಕಡೆ ಪ್ರಕಟವಾಗಿರುವುದು ತಿಳಿಯಿತು. ಪ್ರಕಟಿಸಿದ ಎರಡೂ ತಂಡದವರು ಮೂಳೆಯ ವಿಜ್ಞಾನಿಗಳಲ್ಲ, ರೋಗನಿರೋಧ ಶಾಸ್ತ್ರಜ್ಞರು. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಯೊಂಗ್‌ವೊನ್ ಚೊಯ್ ತಂಡ ಟಿ-ಕೋಶಗಳಲ್ಲಿ ಇದನ್ನು ಕಂಡು 1997ರಲ್ಲಿ ಟ್ರಾನ್ಸ್ ಎಂದು ಕರೆದಿತ್ತು. ಸಿಯಾಟಲ್‌ನ ಇಮ್ಯುನೆಕ್ಸ್ ಕಂಪನಿಯ ಡರ್ಕ್ ಆ್ಯಂಡರ್ಸನ್ ಮತ್ತು ಸಂಗಡಿಗರು ಅದೇ ವರ್ಷ ‘ನೇಚರ್’ ಪತ್ರಿಕೆಯಲ್ಲಿ ಗ್ರಾಹಕವನ್ನು ರ‍್ಯಾಂಕ್ ಎಂದೂ ಅದಕ್ಕೆ ಕೂಡಿಕೊಳ್ಳುವ ಪ್ರೋಟೀನನ್ನು ರ‍್ಯಾಂಕ್‌ಎಲ್ ಎಂದೂ ಹೆಸರಿಸಿದ್ದರು. ಓಡಿಎಫ್, ಆಮ್‌ಜೆನ್ ಇಟ್ಟ ಓಪಿಜಿಎಲ್, ಟ್ರಾನ್ಸ್, ರ‍್ಯಾಂಕ್‌ಎಲ್ ಎಂಬ ನಾಲ್ಕು ಹೆಸರುಗಳು ಒಂದೇ ಪ್ರೋಟೀನಿಗೆ ಅಂಟಿಕೊಂಡವು. 2000ದಲ್ಲಿ ಅಮೆರಿಕದ ಮೂಳೆ ಮತ್ತು ಖನಿಜ ಸಂಶೋಧನಾ ಸಂಘದ ಸಮಿತಿ ರ‍್ಯಾಂಕ್‌ಎಲ್, ರ‍್ಯಾಂಕ್, ಓಪಿಜಿ ಎಂಬ ಮೂರು ಹೆಸರುಗಳನ್ನು ಶಿಫಾರಸು ಮಾಡಿತು. ಅಂದಿನಿಂದ ಅವೇ ಬಳಕೆಯಲ್ಲಿವೆ.

ಜೀನ್ ತೆಗೆದುಹಾಕಿದ ಇಲಿಗಳು ಚಿತ್ರವನ್ನು ಪೂರ್ಣಗೊಳಿಸಿದವು. 1999ರ ಜನವರಿಯಲ್ಲಿ ಟೊರೊಂಟೊದ ಯೊಂಗ್-ಯುನ್ ಕೊಂಗ್ ಮತ್ತು ಯೋಸೆಫ್ ಪೆನಿಂಗರ್ ತಂಡ ರ‍್ಯಾಂಕ್‌ಎಲ್ ಇಲ್ಲದ ಇಲಿಗಳನ್ನು ವರ್ಣಿಸಿತು. ಅವುಗಳಲ್ಲಿ ಆಸ್ಟಿಯೋಕ್ಲಾಸ್ಟ್‌ಗಳಿರಲಿಲ್ಲ, ಮೂಳೆ ಗಟ್ಟಿಕಟ್ಟಿತ್ತು, ಹಲ್ಲುಗಳು ಮೂಡಲಿಲ್ಲ; ಹಾಗೆಯೇ ದುಗ್ಧಗ್ರಂಥಿಗಳೂ ಬೆಳೆದಿರಲಿಲ್ಲ. ಹೆಣ್ಣಿಲಿಗಳ ಸ್ತನಗ್ರಂಥಿ ಬಸಿರಿನಲ್ಲಿ ಸರಿಯಾಗಿ ಬೆಳೆಯದೆ ಹಾಲೂಡುವುದಿಲ್ಲವೆಂಬುದು 2000ದಲ್ಲಿ ತಿಳಿಯಿತು. ಓಪಿಜಿ ಇಲ್ಲದ ಇಲಿಗಳಲ್ಲಿ ಇದಕ್ಕೆ ವಿರುದ್ಧವಾಗಿ ಎಳೆಯ ವಯಸ್ಸಿನಲ್ಲೇ ಮೂಳೆ ಟೊಳ್ಳಾಯಿತು. ರ‍್ಯಾಂಕ್‌ಎಲ್ ಹೆಚ್ಚಿದರೆ ಸವೆತ, ಓಪಿಜಿ ಹೆಚ್ಚಿದರೆ ದಟ್ಟಣೆ ಎಂಬ ಸೂತ್ರ ಸ್ಥಿರವಾಯಿತು.

ಪ್ರತಿಕಾಯವೆಂಬ ಸಾಧನ

ಪ್ರೋಟೀನ್ ಸಿಕ್ಕ ಮೇಲೆ ಅದನ್ನು ಅಂಗಾಂಶದಲ್ಲಿ ನೋಡಬೇಕು, ರಕ್ತದಲ್ಲಿ ಅಳೆಯಬೇಕು, ಬೇಕೆಂದಾಗ ತಡೆಯಬೇಕು. ಮೂರಕ್ಕೂ ಬೇಕಾದದ್ದು ಆ ಒಂದು ಪ್ರೋಟೀನಿಗೆ ಮಾತ್ರ ಅಂಟುವ ಪ್ರತಿಕಾಯ. ಪ್ರಾಣಿಯೊಂದಕ್ಕೆ ಹೊರಗಿನ ಪ್ರೋಟೀನ್ ಚುಚ್ಚಿದರೆ ಅದರ ರಕ್ತದಲ್ಲಿ ಪ್ರತಿಕಾಯಗಳು ತಯಾರಾಗುತ್ತವೆ. ಮೊಲ ಅಥವಾ ಮೇಕೆಯ ರಕ್ತದಿಂದ ಹೀಗೆ ತೆಗೆದ ಪ್ರತಿಕಾಯಗಳು ಮಿಶ್ರಣ. ಒಂದೊಂದೂ ಪ್ರೋಟೀನಿನ ಬೇರೆ ಬೇರೆ ಭಾಗಕ್ಕೆ ಅಂಟುತ್ತದೆ, ಪ್ರಾಣಿ ಸತ್ತರೆ ಅದೇ ಮಿಶ್ರಣ ಮತ್ತೆ ಸಿಗುವುದಿಲ್ಲ.

ಈ ಮಿತಿಯನ್ನು 1975ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜಾರ್ಜಸ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೀನ್ ದಾಟಿದ್ದರು. ಪ್ರತಿಕಾಯ ತಯಾರಿಸುವ ಇಲಿಯ ಗುಲ್ಮದ ಕೋಶವನ್ನು ಸಾವಿಲ್ಲದೆ ವಿಭಜಿಸುವ ಮೈಲೋಮಾ ಕ್ಯಾನ್ಸರ್ ಕೋಶದೊಂದಿಗೆ ಅವರು ಬೆಸೆದರು. ಬೆಸೆದ ಕೋಶ ಒಂದೇ ಬಗೆಯ ಪ್ರತಿಕಾಯವನ್ನು ಅಂತ್ಯವಿಲ್ಲದೆ ತಯಾರಿಸುತ್ತಿತ್ತು. ಇದೇ ಮಾನೋಕ್ಲೋನಲ್ ಪ್ರತಿಕಾಯ. ಈ ವಿಧಾನಕ್ಕೆ ಅವರು ಪೇಟೆಂಟ್ ಪಡೆಯಲಿಲ್ಲ. 1984ರಲ್ಲಿ ನೀಲ್ಸ್ ಯರ್ನೆ ಅವರೊಂದಿಗೆ ನೊಬೆಲ್ ಪ್ರಶಸ್ತಿ ಪಡೆದರು. ರ‍್ಯಾಂಕ್‌ಎಲ್ ಪತ್ತೆಯಾಗುವ ಹೊತ್ತಿಗೆ ಈ ವಿದ್ಯೆ ಎಲ್ಲೆಡೆ ಹರಡಿತ್ತು.

ಮೂಳೆಯ ಸಂಶೋಧನೆಯಲ್ಲಿ ಪ್ರತಿಕಾಯ ಕೊಟ್ಟ ಮೊದಲ ದೊಡ್ಡ ಪಾಠ ಗ್ರಾಹಕದ ಬಗ್ಗೆ. 1998ರಲ್ಲಿ ಸ್ನೋ ಬ್ರ್ಯಾಂಡ್ ತಂಡ ರ‍್ಯಾಂಕ್ ಗ್ರಾಹಕದ ಹೊರಭಾಗದ ವಿರುದ್ಧ ಪ್ರತಿಕಾಯ ತಯಾರಿಸಿತು. ಎಂ-ಸಿಎಸ್‌ಎಫ್ ಇದ್ದ ತಟ್ಟೆಗೆ ಇಡೀ ಪ್ರತಿಕಾಯವನ್ನು ಹಾಕಿದರೆ ಗುಲ್ಮದ ಕೋಶಗಳು ಆಸ್ಟಿಯೋಕ್ಲಾಸ್ಟ್‌ಗಳಾದವು, ರ‍್ಯಾಂಕ್‌ಎಲ್ ಇಲ್ಲದೆಯೂ. ಅದೇ ಪ್ರತಿಕಾಯದ ತೋಳಿನ ತುಣುಕನ್ನು ಮಾತ್ರ ಹಾಕಿದರೆ ಆಸ್ಟಿಯೋಕ್ಲಾಸ್ಟ್‌ಗಳ ಹುಟ್ಟು ನಿಂತಿತು. ಕಾರಣ ಪ್ರತಿಕಾಯದ ಆಕಾರದಲ್ಲಿದೆ. ಇಡೀ ಪ್ರತಿಕಾಯಕ್ಕೆ ಎರಡು ತೋಳುಗಳಿರುವುದರಿಂದ ಅದು ಗ್ರಾಹಕಗಳನ್ನು ಹತ್ತಿರ ಎಳೆದು ಗುಂಪಾಗಿಸುತ್ತದೆ. ಗುಂಪಾದ ಗ್ರಾಹಕಗಳು ಸಂಕೇತ ಹೊರಡಿಸುತ್ತವೆ. ಒಂದೇ ತೋಳು ಗ್ರಾಹಕವನ್ನು ಮುಚ್ಚಿ ಕೂರುತ್ತದೆ, ಅಷ್ಟೆ. ರ‍್ಯಾಂಕ್‌ಎಲ್ ಮೂರು ಸರಪಳಿಗಳ ಗುಚ್ಛವಾಗಿರುವುದೇಕೆ ಎಂಬುದಕ್ಕೂ ಇದರಲ್ಲಿ ಸುಳಿವಿತ್ತು.

ನೋಡುವುದು, ಅಳೆಯುವುದು, ತಡೆಯುವುದು

ರ‍್ಯಾಂಕ್‌ಎಲ್ ವಿರುದ್ಧ ತಯಾರಾದ ಪ್ರತಿಕಾಯಗಳೆಲ್ಲ ಒಂದೇ ಕೆಲಸಕ್ಕೆ ಒದಗುವುದಿಲ್ಲ. ವೆಸ್ಟರ್ನ್ ಬ್ಲಾಟ್ ಪರೀಕ್ಷೆಯಲ್ಲಿ ಪ್ರೋಟೀನಿನ ಮಡಿಕೆಗಳನ್ನು ಬಿಚ್ಚಿ, ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿ, ಹಾಳೆಗೆ ವರ್ಗಾಯಿಸಲಾಗುತ್ತದೆ. ಅಲ್ಲಿ ಬೇಕಾದದ್ದು ಬಿಚ್ಚಿದ ಸರಪಳಿಯನ್ನು ಗುರುತಿಸುವ ಪ್ರತಿಕಾಯ. ಜೀವಂತ ಪ್ರಾಣಿಯಲ್ಲಿ ಪ್ರೋಟೀನನ್ನು ತಡೆಯಬೇಕಾದರೆ ಮಡಿಚಿದ ಸಹಜ ರೂಪವನ್ನೇ ಹಿಡಿಯಬೇಕು, ಅದೂ ಗ್ರಾಹಕ ಕೂಡುವ ಜಾಗದ ಬಳಿ. ಒಂದಕ್ಕೆ ಒಳ್ಳೆಯದಾದ ಪ್ರತಿಕಾಯ ಇನ್ನೊಂದರಲ್ಲಿ ಸೋಲುವುದು ಸಾಮಾನ್ಯ.

ಅಂಗಾಂಶದ ತೆಳು ಪದರದಲ್ಲಿ ನೋಡುವಾಗ ಮೂಳೆ ವಿಶೇಷ ತೊಡಕು ಒಡ್ಡುತ್ತದೆ. ಖನಿಜ ತುಂಬಿದ ಮೂಳೆಯನ್ನು ಹಾಗೆಯೇ ತೆಳುವಾಗಿ ಕೊಯ್ಯಲಾಗುವುದಿಲ್ಲ. ಇಡಿಟಿಎ ದ್ರಾವಣದಲ್ಲಿ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಇಟ್ಟು ಸುಣ್ಣದಂಶ ತೆಗೆಯಬೇಕು. ಈ ಸಂಸ್ಕರಣೆಯಲ್ಲಿ ಪ್ರತಿಕಾಯ ಗುರುತಿಸುವ ಭಾಗವೇ ಕೆಡಬಹುದು. ಪ್ರತಿಕಾಯ ನಿಜಕ್ಕೂ ರ‍್ಯಾಂಕ್‌ಎಲ್ ಅನ್ನೇ ತೋರಿಸುತ್ತಿದೆಯೇ ಎಂಬುದಕ್ಕೆ ನಂಬಲರ್ಹ ಒರೆಗಲ್ಲು ಜೀನ್ ತೆಗೆದ ಇಲಿಯ ಅಂಗಾಂಶ: ಅಲ್ಲೂ ಬಣ್ಣ ಬಂದರೆ ಪ್ರತಿಕಾಯ ಬೇರೇನಕ್ಕೋ ಅಂಟಿದೆ ಎಂದರ್ಥ. ರಕ್ತದಲ್ಲಿ ಅಳೆಯುವುದು ಇನ್ನೂ ಸೂಕ್ಷ್ಮ. ಕೋಶದ ಮೇಲಿನ ರ‍್ಯಾಂಕ್‌ಎಲ್‌ನ ಸ್ವಲ್ಪ ಭಾಗವನ್ನು ಕಿಣ್ವಗಳು ಕತ್ತರಿಸಿ ರಕ್ತಕ್ಕೆ ಬಿಡುತ್ತವೆ. ಅದರ ಪ್ರಮಾಣ ಬಹಳ ಕಡಿಮೆ, ಅದರಲ್ಲೂ ಒಂದು ಪಾಲು ಓಪಿಜಿಗೆ ಅಂಟಿಕೊಂಡಿರುತ್ತದೆ. ಬಿಡಿಯಾಗಿರುವುದನ್ನು ಮಾತ್ರ ಎಣಿಸುವ ಪರೀಕ್ಷೆಗೂ ಒಟ್ಟನ್ನು ಎಣಿಸುವ ಪರೀಕ್ಷೆಗೂ ಫಲಿತಾಂಶ ಬೇರೆ.

ಪ್ರತಿಕಾಯದಿಂದಷ್ಟೇ ಬಗೆಹರಿಯದ ಪ್ರಶ್ನೆಗಳೂ ಇದ್ದವು. ರ‍್ಯಾಂಕ್‌ಎಲ್‌ನ ಮುಖ್ಯ ಮೂಲ ಆಸ್ಟಿಯೋಬ್ಲಾಸ್ಟ್ ಎಂದೇ ಬಹುಕಾಲ ಭಾವಿಸಲಾಗಿತ್ತು. 2011ರಲ್ಲಿ ಜಪಾನ್ ಮತ್ತು ಅಮೆರಿಕದ ಎರಡು ತಂಡಗಳು, ಮೂಳೆಯೊಳಗೆ ಹುದುಗಿರುವ ಆಸ್ಟಿಯೋಸೈಟ್‌ಗಳಲ್ಲಿ ಮಾತ್ರ ಈ ಜೀನ್ ತೆಗೆದುಹಾಕಿದ ಇಲಿಗಳನ್ನು ಪರೀಕ್ಷಿಸಿ, ವಯಸ್ಕ ಮೂಳೆಯ ಮರುರಚನೆಗೆ ಬೇಕಾದ ರ‍್ಯಾಂಕ್‌ಎಲ್ ಬಹುಮಟ್ಟಿಗೆ ಬರುವುದು ಅಲ್ಲಿಂದ ಎಂದು ತೋರಿಸಿದವು.

ಔಷಧವಾದ ಪ್ರತಿಕಾಯ

ಮುಟ್ಟು ನಿಂತ ಮಹಿಳೆಯರಲ್ಲಿ ಈಸ್ಟ್ರೋಜನ್ ಕುಸಿದಾಗ ರ‍್ಯಾಂಕ್‌ಎಲ್‌ನ ಪ್ರಭಾವ ಹೆಚ್ಚಿ ಮೂಳೆ ಸವೆಯುತ್ತದೆ. ಆಮ್‌ಜೆನ್ ಮೊದಲು ಪ್ರಯತ್ನಿಸಿದ್ದು ಓಪಿಜಿಯನ್ನೇ ಮದ್ದಾಗಿಸಲು. 2001ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದರ ಒಂದೇ ಚುಚ್ಚುಮದ್ದು ಮೂಳೆ ಕರಗುವಿಕೆಯ ಸೂಚಕಗಳನ್ನು ಇಳಿಸಿತು. ಆದರೆ ಓಪಿಜಿ ರ‍್ಯಾಂಕ್‌ಎಲ್‌ಗೆ ಮಾತ್ರವಲ್ಲದೆ ಟ್ರೇಲ್ ಎಂಬ ಮತ್ತೊಂದು ಪ್ರೋಟೀನಿಗೂ ಅಂಟುತ್ತದೆ. ಅಲ್ಲದೆ ದೇಹ ಈ ಮದ್ದಿನ ವಿರುದ್ಧ ಪ್ರತಿಕಾಯ ತಯಾರಿಸಿದರೆ ಅವು ರೋಗಿಯ ಸ್ವಂತ ಓಪಿಜಿಯನ್ನೂ ಹೊಡೆಯುವ ಅಪಾಯವಿತ್ತು. ಹೀಗಾಗಿ ಕಂಪನಿ ರ‍್ಯಾಂಕ್‌ಎಲ್‌ಗೆ ಮಾತ್ರ ಅಂಟುವ ಪ್ರತಿಕಾಯದತ್ತ ತಿರುಗಿತು.

ಇಲಿಯ ಪ್ರತಿಕಾಯವನ್ನು ಮನುಷ್ಯರಿಗೆ ಮತ್ತೆ ಮತ್ತೆ ಕೊಟ್ಟರೆ ದೇಹ ಅದನ್ನು ಹೊರಗಿನದೆಂದು ತಿರಸ್ಕರಿಸುತ್ತದೆ. ಇದಕ್ಕೆ ಪರಿಹಾರವಾಗಿದ್ದದ್ದು ಅಬ್‌ಜೆನಿಕ್ಸ್ ಕಂಪನಿಯ ಝೀನೋಮೌಸ್. ಈ ಇಲಿಗಳ ಸ್ವಂತ ಪ್ರತಿಕಾಯ ಜೀನ್‌ಗಳನ್ನು ನಿಷ್ಕ್ರಿಯಗೊಳಿಸಿ ಮಾನವ ಜೀನ್‌ಗಳನ್ನು ಸೇರಿಸಲಾಗಿತ್ತು. ಹಾಗಾಗಿ ಅವು ತಯಾರಿಸುವುದು ಮಾನವ ಪ್ರತಿಕಾಯ. ಅಲ್ಲಿಂದ ಹೊರಬಂದ ಐಜಿಜಿ2 ವರ್ಗದ ಪ್ರತಿಕಾಯಕ್ಕೆ ಮೊದಲು ಎಎಂಜಿ 162 ಎಂಬ ಸಂಕೇತ, ಆಮೇಲೆ ಡೆನೊಸುಮ್ಯಾಬ್ ಎಂಬ ಹೆಸರು ಬಂತು. 2004ರಲ್ಲಿ ಪ್ರಕಟವಾದ ಮೊದಲ ಮಾನವ ಪರೀಕ್ಷೆಯಲ್ಲಿ 49 ಮಹಿಳೆಯರಿದ್ದರು. ಒಂದೇ ಚುಚ್ಚುಮದ್ದಿನ ಪರಿಣಾಮ ಹೆಚ್ಚಿನ ಪ್ರಮಾಣಗಳಲ್ಲಿ ಆರು ತಿಂಗಳವರೆಗೆ ಉಳಿಯಿತು. ಆರು ತಿಂಗಳಿಗೊಮ್ಮೆ ಕೊಡುವ ಪದ್ಧತಿಗೆ ಇದೇ ಬುನಾದಿ.

ನಿರ್ಣಾಯಕವಾದದ್ದು ಫ್ರೀಡಂ ಎಂಬ ಪರೀಕ್ಷೆ. 60ರಿಂದ 90 ವರ್ಷದ, ಮೂಳೆ ಟೊಳ್ಳಾದ 7,868 ಮಹಿಳೆಯರಲ್ಲಿ ಒಂದು ಗುಂಪಿಗೆ ಆರು ತಿಂಗಳಿಗೊಮ್ಮೆ 60 ಮಿಲಿಗ್ರಾಂ ಡೆನೊಸುಮ್ಯಾಬ್, ಇನ್ನೊಂದಕ್ಕೆ ಮದ್ದಿಲ್ಲದ ಚುಚ್ಚುಮದ್ದು ಕೊಡಲಾಯಿತು. 36 ತಿಂಗಳಲ್ಲಿ ಬೆನ್ನುಮೂಳೆಯ ಹೊಸ ಮುರಿತಗಳು ಮದ್ದಿಲ್ಲದವರಲ್ಲಿ ಶೇ. 7.2, ಮದ್ದು ಪಡೆದವರಲ್ಲಿ ಶೇ. 2.3. ಸೊಂಟದ ಮುರಿತ ಶೇ. 1.2ರಿಂದ ಶೇ. 0.7ಕ್ಕೆ ಇಳಿಯಿತು. 2009ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. 2010ರಲ್ಲಿ ಯುರೋಪ್ ಮತ್ತು ಅಮೆರಿಕದಲ್ಲಿ ಪ್ರೋಲಿಯಾ ಹೆಸರಿನಲ್ಲಿ ಅನುಮತಿ ಸಿಕ್ಕಿತು. ಮೂಳೆಗೆ ಹರಡಿದ ಕ್ಯಾನ್ಸರ್‌ನ ತೊಂದರೆಗಳಿಗಾಗಿ ನಾಲ್ಕು ವಾರಕ್ಕೊಮ್ಮೆ 120 ಮಿಲಿಗ್ರಾಂ ಕೊಡುವ ಎಕ್ಸ್‌ಜೀವಾ ಅದೇ ವರ್ಷದ ನವೆಂಬರಿನಲ್ಲಿ ಅಮೆರಿಕದಲ್ಲಿ ಬಂತು. ಮೂಳೆಯ ದೈತ್ಯಕೋಶ ಗಡ್ಡೆಗೂ 2013ರಲ್ಲಿ ಅದನ್ನು ಒಪ್ಪಲಾಯಿತು. ಈ ಗಡ್ಡೆಯಲ್ಲಿ ಗಡ್ಡೆಕೋಶಗಳೇ ರ‍್ಯಾಂಕ್‌ಎಲ್ ಸುರಿಸಿ ಆಸ್ಟಿಯೋಕ್ಲಾಸ್ಟ್‌ನಂತಹ ಕೋಶಗಳನ್ನು ಸೇರಿಸಿಕೊಳ್ಳುತ್ತವೆ.

ಇಲಿಗೆ ಬೇರೆ ಪ್ರತಿಕಾಯ

ಡೆನೊಸುಮ್ಯಾಬ್‌ನ ನಿಖರತೆಯೇ ಪ್ರಯೋಗಶಾಲೆಗೆ ತೊಡಕಾಯಿತು. ಅದು ಮನುಷ್ಯರ ಮತ್ತು ಕೋತಿ ವರ್ಗದ ಪ್ರಾಣಿಗಳ ರ‍್ಯಾಂಕ್‌ಎಲ್‌ಗೆ ಬಿಗಿಯಾಗಿ ಅಂಟುತ್ತದೆ, ಇಲಿಯದಕ್ಕೆ ಅಂಟುವುದಿಲ್ಲ. ಮೂಳೆಯ ಬಹುಪಾಲು ಪ್ರಯೋಗಗಳು ನಡೆಯುವುದು ಇಲಿಗಳಲ್ಲೇ. ಆಮ್‌ಜೆನ್ ವಿಜ್ಞಾನಿಗಳು ಇಲಿಯ ರ‍್ಯಾಂಕ್‌ಎಲ್ ಜೀನ್‌ನ ಒಂದು ಭಾಗವನ್ನು ಮಾನವನ ಭಾಗದಿಂದ ಬದಲಿಸಿ ಹೊಸ ತಳಿಯನ್ನೇ ರೂಪಿಸಿ 2009ರಲ್ಲಿ ವರ್ಣಿಸಿದರು. ಆ ಇಲಿಗಳಲ್ಲಿ ಡೆನೊಸುಮ್ಯಾಬ್ ಕೆಲಸ ಮಾಡಿತು.

ಜಪಾನಿನ ಸಂಶೋಧಕರು ಇನ್ನೊಂದು ದಾರಿ ಹಿಡಿದರು: ಇಲಿಯ ರ‍್ಯಾಂಕ್‌ಎಲ್‌ಗೇ ಅಂಟುವ ಪ್ರತಿಕಾಯ. 2006ರಲ್ಲಿ ವರದಿಯಾದ ಐಕೆ22/5 ಎಂಬ ಪ್ರತಿಕಾಯ ಸಂಧಿವಾತ ಉಂಟುಮಾಡಿದ ಇಲಿಗಳಲ್ಲಿ ಮೂಳೆಯ ನಷ್ಟವನ್ನು ತಗ್ಗಿಸಿತು. ಸ್ನೋ ಬ್ರ್ಯಾಂಡ್‌ನಲ್ಲಿ ಓಡಿಎಫ್ ಪತ್ತೆಮಾಡಿದ್ದ ಯಾಸುದಾ ಮುಂದೆ ಓರಿಯೆಂಟಲ್ ಯೀಸ್ಟ್ ಕಂಪನಿಯಲ್ಲಿ ಕೆಲಸ ಮಾಡಿದರು. ಅವರ ತಂಡ 2011ರಲ್ಲಿ ಓವೈಸಿ1 ಎಂಬ ಪ್ರತಿಕಾಯದ ಫಲಿತಾಂಶ ಪ್ರಕಟಿಸಿತು. ಅದರ ಒಂದೇ ಚುಚ್ಚುಮದ್ದಿನಿಂದ ಇಲಿಗಳಲ್ಲಿ ಆಸ್ಟಿಯೋಕ್ಲಾಸ್ಟ್‌ಗಳು ಬಹುತೇಕ ಇಲ್ಲವಾಗಿ ಮೂಳೆಯ ರಾಶಿ ಹೆಚ್ಚಿತು. ಆಸ್ಟಿಯೋಕ್ಲಾಸ್ಟ್‌ಗಳು ಇಷ್ಟು ಕಡಿಮೆಯಿದ್ದಾಗಲೂ ಪ್ಯಾರಾಥೈರಾಯ್ಡ್ ಹಾರ್ಮೋನು ಮೂಳೆ ಕಟ್ಟಬಲ್ಲದೇ ಎಂಬ ಪ್ರಶ್ನೆಯನ್ನು ಅವರು ಇದೇ ಇಲಿಗಳಲ್ಲಿ ಪರೀಕ್ಷಿಸಿದರು. ಕಟ್ಟಬಲ್ಲದು ಎಂಬ ಉತ್ತರ ಬಂತು. ಜೀನ್ ತೆಗೆದ ಇಲಿಯಲ್ಲಿ ಹುಟ್ಟಿನಿಂದಲೇ ಎಲ್ಲವೂ ಏರುಪೇರಾಗಿರುತ್ತದೆ. ಪ್ರತಿಕಾಯವಾದರೆ ಸಹಜವಾಗಿ ಬೆಳೆದ ವಯಸ್ಕ ಇಲಿಯಲ್ಲಿ, ಬೇಕಾದ ದಿನ, ರ‍್ಯಾಂಕ್‌ಎಲ್ ಒಂದನ್ನೇ ನಿಲ್ಲಿಸಬಹುದು. ಹೀಗಾಗಿ ಇಂತಹ ಪ್ರತಿಕಾಯಗಳ ಬಳಕೆ ಮೂಳೆಯಾಚೆಗೂ, ರೋಗನಿರೋಧ ವ್ಯವಸ್ಥೆ ಮತ್ತು ಸ್ತನದ ಗಡ್ಡೆಗಳ ಅಧ್ಯಯನಕ್ಕೂ ವಿಸ್ತರಿಸಿತು.

ಮಿತಿಗಳು ಮತ್ತು ಮುಂದಿನ ಹಂತ

ಬಳಕೆ ಹರಡಿದಂತೆ ಮಿತಿಗಳೂ ಕಂಡವು. ಪ್ರತಿಕಾಯ ಮೂಳೆಯೊಳಗೆ ಸೇರಿ ಉಳಿಯುವುದಿಲ್ಲ. ರಕ್ತದಿಂದ ತೊಲಗಿದೊಡನೆ ತಡೆಯೂ ಹೋಗುತ್ತದೆ. ಮದ್ದು ನಿಲ್ಲಿಸಿದ ಕೆಲವರಲ್ಲಿ ಮೂಳೆಯ ಕರಗುವಿಕೆ ಹಿಂದಿಗಿಂತ ಜೋರಾಗಿ ಮರುಕಳಿಸಿ ಬೆನ್ನುಮೂಳೆಯ ಹಲವು ಮಣಿಗಳು ಒಟ್ಟಿಗೆ ಕುಸಿದ ವರದಿಗಳು 2016ರ ಸುಮಾರಿಗೆ ಹೆಚ್ಚತೊಡಗಿದವು. ಹೀಗಾಗಿ ಚಿಕಿತ್ಸೆಯನ್ನು ಥಟ್ಟನೆ ಬಿಡದೆ ಬಿಸ್‌ಫಾಸ್ಫೊನೇಟ್‌ನಂತಹ ಬೇರೆ ಔಷಧಕ್ಕೆ ಬದಲಿಸುವ ಸಲಹೆ ರೂಢಿಗೆ ಬಂತು. ದವಡೆಯ ಮೂಳೆ ಸಾಯುವುದು, ತೊಡೆಮೂಳೆಯ ಅಪರೂಪದ ಮುರಿತ ಇವೂ ಅಡ್ಡಪರಿಣಾಮಗಳ ಪಟ್ಟಿಯಲ್ಲಿವೆ. ಮೂತ್ರಪಿಂಡದ ಕಾಯಿಲೆ ಮುಂದುವರಿದವರಲ್ಲಿ ರಕ್ತದ ಕ್ಯಾಲ್ಸಿಯಂ ಅಪಾಯಕರವಾಗಿ ಇಳಿಯಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಜನವರಿಯಲ್ಲಿ ಅತ್ಯುನ್ನತ ಮಟ್ಟದ ಎಚ್ಚರಿಕೆ ಸೇರಿಸಿತು.

ಅದೇ ವರ್ಷದ ಮಾರ್ಚ್‌ನಲ್ಲಿ ಸ್ಯಾಂಡೋಜ್ ಕಂಪನಿಯ ಪ್ರತಿಕಾಯಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು; ಅಲ್ಲಿ ಅನುಮತಿ ಪಡೆದ ಡೆನೊಸುಮ್ಯಾಬ್‌ನ ಮೊದಲ ಜೈವಿಕ ಸಮರೂಪಿಗಳು ಇವು. 2025ರಲ್ಲಿ ಬೆಂಗಳೂರಿನ ಬಯೋಕಾನ್ ಬಯೋಲಾಜಿಕ್ಸ್ ತಯಾರಿಸಿದ ಸಮರೂಪಿಗಳೂ ಯುರೋಪ್ ಮತ್ತು ಅಮೆರಿಕದಲ್ಲಿ ಅನುಮತಿ ಪಡೆದವು. ಮೂಲ ಔಷಧದ ಪೇಟೆಂಟ್ ಅವಧಿ ಮುಗಿಯುತ್ತ ಬಂದಂತೆ ಹಲವು ದೇಶಗಳ ಕಂಪನಿಗಳು ಈ ಸಾಲಿಗೆ ಸೇರಿವೆ. ಪ್ರಯೋಗಶಾಲೆಯ ಪ್ರತಿಕಾಯಗಳ ಕ್ಷೇತ್ರದಲ್ಲಿ ಒತ್ತು ಈಗ ಗುಣಮಟ್ಟದ ಮೇಲಿದೆ. ಸಂಶೋಧನಾ ಪ್ರತಿಕಾಯಗಳಲ್ಲಿ ಅನೇಕವು ಹೇಳಿಕೊಂಡ ಪ್ರೋಟೀನಿಗೆ ಮಾತ್ರ ಅಂಟುವುದಿಲ್ಲ ಎಂಬ ಟೀಕೆ 2015ರಲ್ಲಿ ‘ನೇಚರ್’ ಪುಟಗಳಲ್ಲಿ ಬಲವಾಗಿ ಕೇಳಿಬಂತು. ಪ್ರತಿಕಾಯದ ಜೀನ್ ಅನುಕ್ರಮವನ್ನೇ ದಾಖಲಿಸಿ ಅದರಿಂದ ತಯಾರಿಸಬೇಕು, ಜೀನ್ ತೆಗೆದ ಕೋಶಗಳಲ್ಲಿ ಪರೀಕ್ಷಿಸಿ ತೋರಿಸಬೇಕು ಎಂಬುದು ಆ ಚರ್ಚೆಯಿಂದ ಹೊರಬಂದ ಬೇಡಿಕೆ. ರ‍್ಯಾಂಕ್‌ಎಲ್‌ನಂತೆ ಅತ್ಯಲ್ಪ ಪ್ರಮಾಣದಲ್ಲಿದ್ದು, ಕೋಶದ ಮೇಲೆ ಒಂದು ರೂಪದಲ್ಲಿಯೂ ರಕ್ತದಲ್ಲಿ ಇನ್ನೊಂದು ರೂಪದಲ್ಲಿಯೂ ಕಾಣುವ ಪ್ರೋಟೀನುಗಳ ಅಧ್ಯಯನದಲ್ಲಿ ಈ ಪರೀಕ್ಷೆಗಳ ಅಗತ್ಯ ಎಲ್ಲಕ್ಕಿಂತ ಹೆಚ್ಚು.